ಚೆಸ್ಟರ್ ಆರ್ಥರ್ ನಿಜವಾಗಿಯೂ ಬದಲಾದನೇ?

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಹತ್ಯೆಯ ಬಗ್ಗೆ ಬರೆಯುತ್ತಾ, ಅವನ ನಂತರ ಬಂದ ಚೆಸ್ಟರ್ ಆರ್ಥರ್‌ನನ್ನು 'ಸುಧಾರಕ' ಎಂದಿದ್ದೀರಿ. ನಾನು ಓದಿದಂತೆ ಆತ ಹುದ್ದೆ ಹಂಚಿಕೊಂಡೇ ಮೇಲೆ ಬಂದವನು. ಕುರ್ಚಿ ಸಿಕ್ಕ ಕೂಡಲೇ ಇಂಥವರು ಒಳ್ಳೆಯವರಾದರು ಅಂದರೆ ನಂಬುವುದು ಹೇಗೆ? ಆತ ಆತ್ಮಕಥೆ ಏನಾದರೂ ಬರೆದಿದ್ದಾನೆಯೇ? — ಓದುಗರು, ಹಾಸನ

ಸಂಪಾದಕರ ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. 1881ರಲ್ಲಿ ಅಮೆರಿಕದ ಜನರಿಗೂ ಇದೇ ಅನುಮಾನ ಇತ್ತು. ಹಾಗಾಗಿ ಕೆಟ್ಟದ್ದನ್ನೇ ಮೊದಲು ಹೇಳುತ್ತೇವೆ.

1871ರಲ್ಲಿ ಅಧ್ಯಕ್ಷ ಗ್ರಾಂಟ್ ಆರ್ಥರ್‌ನನ್ನು ನ್ಯೂಯಾರ್ಕ್ ಬಂದರಿನ ಸುಂಕದ ಕಲೆಕ್ಟರ್ ಆಗಿ ನೇಮಿಸಿದ. ದೇಶದ ಆಮದು ಸುಂಕದ ಬಹುಪಾಲು ಆ ಒಂದೇ ಬಂದರಿನಲ್ಲಿ ವಸೂಲಾಗುತ್ತಿತ್ತು. ಅಲ್ಲಿ ಸುಮಾರು ಸಾವಿರ ನೌಕರರಿದ್ದರು. ಕೆಲಸ ಬೇಕಾದರೆ ಸೆನೆಟರ್ ರಾಸ್ಕೋ ಕಾಂಕ್ಲಿಂಗ್‌ನ ಬಣದವರ ಕೃಪೆ ಬೇಕು. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಒಂದು ಪಾಲು ರಿಪಬ್ಲಿಕನ್ ಪಕ್ಷಕ್ಕೆ ಕೊಡಬೇಕು. ಸುಂಕ ತಪ್ಪಿಸಿದವರಿಗೆ ಹಾಕಿದ ದಂಡದಲ್ಲಿ ಕಲೆಕ್ಟರ್‌ಗೂ ಕಾನೂನಿನ ಪ್ರಕಾರವೇ ಪಾಲು ಇತ್ತು. ಮೊದಲ ವರ್ಷಗಳಲ್ಲಿ ಆರ್ಥರ್‌ನ ಗಳಿಕೆ ವರ್ಷಕ್ಕೆ 50,000 ಡಾಲರಿಗೂ ಜಾಸ್ತಿ. ಆತ ತಾನೇ ಕದ್ದ ಎಂದು ಯಾರೂ ಸಾಬೀತು ಮಾಡಲಿಲ್ಲ, ನಿಜ. ಆದರೆ ಆ ವ್ಯವಸ್ಥೆಯನ್ನು ನಡೆಸಿದವನು ಅವನೇ. 1878ರಲ್ಲಿ ಅಧ್ಯಕ್ಷ ಹೇಯ್ಸ್ ಅವನನ್ನು ಆ ಹುದ್ದೆಯಿಂದ ತೆಗೆದುಹಾಕಿದ.

1880ರ ಪಕ್ಷದ ಸಮಾವೇಶದಲ್ಲಿ ಗಾರ್ಫೀಲ್ಡ್ ಅಭ್ಯರ್ಥಿಯಾದಾಗ, ಕಾಂಕ್ಲಿಂಗ್ ಬಣವನ್ನು ಸಮಾಧಾನ ಮಾಡಲು ಉಪಾಧ್ಯಕ್ಷ ಸ್ಥಾನಕ್ಕೆ ಆರ್ಥರ್‌ನನ್ನು ಹಾಕಿದರು. ಮುಂದಿನ ವರ್ಷ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಚಾರ್ಲ್ಸ್ ಗಿಟೋ ಗಾರ್ಫೀಲ್ಡ್‌ಗೆ ಗುಂಡು ಹೊಡೆದ. ತಾನು ಆರ್ಥರ್‌ನ ಬಣದವನು, ಇನ್ನು ಆರ್ಥರ್‌ನೇ ಅಧ್ಯಕ್ಷ ಎಂದು ಹೇಳಿಕೊಂಡ. ಆರ್ಥರ್‌ಗೂ ಈ ಕೊಲೆಗೂ ಸಂಬಂಧವಿರಲಿಲ್ಲ. ಆದರೂ ಜನ ಅವನನ್ನು ಹೇಗೆ ನೋಡಿರಬಹುದು, ನೀವೇ ಊಹಿಸಿ.

ಗಾರ್ಫೀಲ್ಡ್ ಇನ್ನೂ ಹಾಸಿಗೆಯಲ್ಲಿ ನರಳುತ್ತಿದ್ದಾಗ ನ್ಯೂಯಾರ್ಕಿನ ಜೂಲಿಯಾ ಸ್ಯಾಂಡ್ ಎಂಬ ಹೆಂಗಸು ಆರ್ಥರ್‌ಗೆ ಕಾಗದ ಬರೆದಳು. ಆಗ ಆಕೆಗೆ ಮೂವತ್ತು ದಾಟಿತ್ತು. ಕಾಯಿಲೆಯಿಂದ ಹೆಚ್ಚಾಗಿ ಮನೆಯಲ್ಲೇ ಇರುತ್ತಿದ್ದಳು. ಆರ್ಥರ್‌ನ ಪರಿಚಯವೇ ಇರಲಿಲ್ಲ. ಜನ ಅಳುತ್ತಿರುವುದು ಗಾರ್ಫೀಲ್ಡ್ ಸಾಯುತ್ತಿದ್ದಾನೆ ಅಂತ ಮಾತ್ರವಲ್ಲ, ಮುಂದೆ ನೀವು ಬರುತ್ತೀರಿ ಅಂತ, ಎಂದು ನೇರವಾಗಿ ಬರೆದಳು. ನಿಮ್ಮಲ್ಲಿ ಒಳ್ಳೆಯತನದ ಕಿಡಿ ಇದ್ದರೆ ತೋರಿಸಲು ಇದೇ ಸಮಯ, ಎಂದೂ ಸೇರಿಸಿದಳು. ದೇಶದ ಎರಡನೇ ದೊಡ್ಡ ಹುದ್ದೆಯಲ್ಲಿದ್ದವನಿಗೆ ಹೀಗೆ ಬರೆಯಲು ಎಂಥ ಧೈರ್ಯ ಬೇಕು! 1882ರ ಆಗಸ್ಟ್‌ನಲ್ಲಿ ಅಧ್ಯಕ್ಷ ಆರ್ಥರ್ ಮುಂಚೆ ತಿಳಿಸದೆ ಆಕೆಯ ಮನೆಗೇ ಹೋಗಿ ಮಾತಾಡಿ ಬಂದ.

ಆದರೆ ಬರೀ ಕಾಗದದಿಂದ ಆತ ಬದಲಾದ ಎಂದು ನಾವು ಹೇಳುವುದಿಲ್ಲ. ಆರ್ಥರ್‌ನ ತಂದೆ ಗುಲಾಮಗಿರಿಯನ್ನು ವಿರೋಧಿಸಿದ ಬ್ಯಾಪ್ಟಿಸ್ಟ್ ಪಾದ್ರಿ. 1854ರಲ್ಲಿ ಎಲಿಜಬೆತ್ ಜೆನ್ನಿಂಗ್ಸ್ ಎಂಬ ಕಪ್ಪು ಶಿಕ್ಷಕಿಯನ್ನು ನ್ಯೂಯಾರ್ಕಿನ ಕುದುರೆ ಟ್ರಾಮ್‌ನಿಂದ ಬಲವಂತವಾಗಿ ಇಳಿಸಿದರು. ಆಕೆಯ ಪರವಾಗಿ ವಾದಿಸಿದ್ದು ಆಗಷ್ಟೇ ವಕೀಲಿಕೆ ಶುರು ಮಾಡಿದ್ದ ಇದೇ ಆರ್ಥರ್. ಮರುವರ್ಷ ಕೇಸು ಗೆದ್ದ. ಕಂಪನಿ 225 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ಈ ಮನುಷ್ಯನನ್ನು ಪಕ್ಷದ ರಾಜಕೀಯ ಇಪ್ಪತ್ತು ವರ್ಷ ಹೂತಿಟ್ಟಿತ್ತು ಎನ್ನುವುದು ನಮ್ಮ ಅಭಿಪ್ರಾಯ.

ನಾವು 'ಸುಧಾರಕ' ಎಂದದ್ದು ಸುಮ್ನೆ ಅಲ್ಲ. ಆರ್ಥರ್ ಅಧ್ಯಕ್ಷನಾದ ಕೂಡಲೇ ಕಾಂಕ್ಲಿಂಗ್ ಅವನ ಬಳಿ ಬಂದು, ಗಾರ್ಫೀಲ್ಡ್ ನೇಮಿಸಿದ್ದ ನ್ಯೂಯಾರ್ಕ್ ಕಲೆಕ್ಟರ್‌ನನ್ನು ತೆಗೆಯಿರಿ ಎಂದ. ಅದೇ ಹಳೆಯ ಕುರ್ಚಿ! ಆರ್ಥರ್ ಒಪ್ಪಲಿಲ್ಲ. ತನ್ನನ್ನು ಬೆಳೆಸಿದವನಿಗೆ ಇಲ್ಲ ಎನ್ನುವುದು ಸಣ್ಣ ಮಾತಲ್ಲ, ಅಲ್ವಾ? 1883ರ ಜನವರಿ 16ರಂದು ಪೆಂಡಲ್ಟನ್ ಕಾಯ್ದೆಗೆ ಸಹಿ ಹಾಕಿದ. ಕೆಲವು ಹುದ್ದೆಗಳಿಗೆ ಪರೀಕ್ಷೆ ಬಂತು. ನೌಕರರಿಂದ ಪಕ್ಷಕ್ಕೆ ಹಣ ಕೀಳುವುದು ಅಪರಾಧವಾಯಿತು. ಶುರುವಿನಲ್ಲಿ ಕೇಂದ್ರದ ಹುದ್ದೆಗಳಲ್ಲಿ ಶೇಕಡಾ 10ರಷ್ಟು ಮಾತ್ರ ಇದರೊಳಗೆ ಬಂದವು. 1882ರ ಚುನಾವಣೆಯಲ್ಲಿ ಪಕ್ಷ ಸೋತಿದ್ದೂ ಕಾಯ್ದೆ ಬೇಗ ಪಾಸಾಗಲು ಕಾರಣ. ಆದರೆ ಜಾರಿಗೆ ತರುವ ಆಯೋಗದ ಮುಖ್ಯಸ್ಥನನ್ನಾಗಿ ಆರ್ಥರ್ ಆರಿಸಿದ್ದು ಡಾರ್ಮನ್ ಈಟನ್‌ನನ್ನು. ಆ ಕಾಯ್ದೆಯ ಕರಡು ಬರೆದವನೇ ಈತ. ಕಾಯ್ದೆಯನ್ನು ಕಾಗದದಲ್ಲೇ ಕೊಳೆಯಲು ಬಿಡಬೇಕೆಂದಿದ್ದರೆ ಇಂಥವನನ್ನು ನೇಮಿಸುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಆತನನ್ನು ಕ್ಷಮಿಸಲು ನಮಗೆ ಆಗುವುದಿಲ್ಲ. 1882ರಲ್ಲಿ ಚೀನಾದ ಕೂಲಿಗಳು 20 ವರ್ಷ ದೇಶದೊಳಗೆ ಬರಬಾರದು ಎಂಬ ಮಸೂದೆಯನ್ನು ಆತ ತಿರಸ್ಕರಿಸಿದ. ಸಂಸತ್ತು ಅದನ್ನು 10 ವರ್ಷಕ್ಕೆ ಇಳಿಸಿ ಕಳಿಸಿದಾಗ ಸಹಿ ಹಾಕಿದ. ಜೆನ್ನಿಂಗ್ಸ್ ಪರ ವಾದಿಸಿದವನು ಇಲ್ಲಿ ಗಟ್ಟಿಯಾಗಿ ನಿಲ್ಲಬೇಕಿತ್ತು.

ಅಷ್ಟರಲ್ಲೇ ಅವನಿಗೆ ಮೂತ್ರಪಿಂಡದ ಗಂಭೀರ ಕಾಯಿಲೆ ಇರುವುದು ಗೊತ್ತಾಗಿತ್ತು. ಜನರಿಗೆ ಹೇಳಲಿಲ್ಲ. 1884ರಲ್ಲಿ ಪಕ್ಷ ಅವನನ್ನು ಬಿಟ್ಟು ಜೇಮ್ಸ್ ಬ್ಲೇನ್‌ಗೆ ಟಿಕೆಟ್ ಕೊಟ್ಟಿತು. 1886ರ ನವೆಂಬರ್ 18ರಂದು, 57ನೇ ವಯಸ್ಸಿನಲ್ಲಿ ತೀರಿಕೊಂಡ.

ನೀವು ಕೇಳಿದ ಆತ್ಮಕಥೆಯನ್ನು ಆತ ಬರೆಯಲಿಲ್ಲ. ಸಾಯುವ ಮುಂಚೆ ತನ್ನ ಕಾಗದಪತ್ರಗಳನ್ನು ಸುಡಿಸಿದ. ಆದರೆ ಜೂಲಿಯಾ ಬರೆದ 23 ಕಾಗದಗಳು ಉಳಿದವು. ಅವು ಈಗ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆರ್ಥರ್ ಬಗ್ಗೆ ಓದಲು ಶುರು ಮಾಡುವುದಾದರೆ ಆ ಕಾಗದಗಳಿಂದಲೇ ಶುರು ಮಾಡಿ.