ಕಿಳಿಂಗಾರಿನ ಭಟ್ಟರ ಬಗ್ಗೆ ಕೇಳಿದಿರಲ್ಲ

ನನ್ನ ಊರು ಕಾಸರಗೋಡು ಜಿಲ್ಲೆಯ ಬದಿಯಡ್ಕ ಅಂತ ಹೇಳಿದ ಕೂಡಲೇ ನೀವು ಎರಡು ಪ್ರಶ್ನೆ ಕೇಳಿದಿರಿ. ಕೇರಳದಲ್ಲಿ ಕನ್ನಡದವರ ಕಷ್ಟ ಎಂಥದ್ದು? ಮತ್ತೆ, ಮನೆ ಕಟ್ಟಿಸಿ ಕೊಡುತ್ತಿದ್ದ ಭಟ್ಟರೊಬ್ಬರು ನಿಮ್ಮ ಕಡೆಯವರೇನಾ?

ಮೊದಲನೆಯದು ಎಲ್ಲರೂ ಕೇಳುವ ಪ್ರಶ್ನೆ. ಕಷ್ಟ ಉಂಟು, ಇಲ್ಲ ಅಂತ ಅಲ್ಲ. 1956ರಲ್ಲಿ ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದಾಗ ನಮ್ಮ ಕಾಸರಗೋಡು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯಿಂದ ಬಡಗು ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರು ರಾಜ್ಯಕ್ಕೆ) ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು. ವರದಿ ಕಪಾಟಿನಲ್ಲೇ ಉಳಿಯಿತು. ಇದನ್ನು ಬರೆದವರು ಬೇಕಾದಷ್ಟು ಜನ ಇದ್ದಾರೆ, ನಾನು ಮತ್ತೆ ಸುಮ್ನೆ ಬರೆಯುವುದಿಲ್ಲ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಹೌದು, ನಮ್ಮವರೇ. ನೀರ್ಚಾಲಿನ ಹತ್ತಿರದ ಕಿಳಿಂಗಾರಿನವರು. ಹೆಸರು ಗೋಪಾಲಕೃಷ್ಣ ಭಟ್. ಸಾಯಿಬಾಬಾ ಭಕ್ತರಾದ್ದರಿಂದ ಊರಿಡೀ ಅವರನ್ನು ಸಾಯಿರಾಂ ಭಟ್ಟರು ಅಂತಲೇ ಕರೆಯಿತು. ಕೃಷಿಕರು, ಜೊತೆಗೆ ನಾಟಿ ವೈದ್ಯರು. 2022ರ ಜನವರಿಯಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರು ಕಟ್ಟಿಸಿಕೊಟ್ಟ ಮನೆಗಳು 250 ದಾಟಿದ್ದವು.

ಮನೆ ಅಂದರೆ ಇಲ್ಲಿ ಎಂತ ಅಂತ ನಿಮಗೆ ಗೊತ್ತಾಗಬೇಕಾದರೆ ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬಂದು ಒಂದು ರಾತ್ರಿ ಕಳೆಯಬೇಕು. ನಾನು ಚಿಕ್ಕವನಿದ್ದಾಗ ನಮ್ಮ ತೋಟದ ಆಚೆ ಒಂದು ಮಡಲಿನ ಮಾಡಿನ ಗುಡಿಸಲಿತ್ತು. ಹೆಣೆದ ತೆಂಗಿನ ಗರಿ, ಮೇಲಿಂದ ಮುಳಿಹುಲ್ಲು. ಮೇ ತಿಂಗಳಲ್ಲಿ ಹೊಸ ಮಡಲು ಹೊದೆಸಲು ದುಡ್ಡಾಗದಿದ್ದರೆ ಆ ವರ್ಷ ಕಷ್ಟವೇ. ಜೋರು ಮಳೆ ಬಂದರೆ ಆ ಮನೆಯಿಂದ ಪಾತ್ರೆ ಸರಿಸುವ ಸದ್ದು ನಮ್ಮ ಚಾವಡಿಗೆ ಕೇಳುತ್ತಿತ್ತು. ಸೋರುವ ಜಾಗ ಬದಲಾದ ಹಾಗೆ ಪಾತ್ರೆಯ ಜಾಗವೂ ಬದಲಾಗಬೇಕಲ್ವಾ. ಮಕ್ಕಳು ಒಲೆಯ ಪಕ್ಕ ಮುದುಡಿ ಮಲಗುತ್ತಿದ್ದರು, ಅಲ್ಲಿ ಮಾತ್ರ ನೆಲ ಒಣಗಿರುತ್ತಿತ್ತು.

ಭಟ್ಟರ ಕೆಲಸ ಶುರುವಾದದ್ದೂ ಇಂಥದ್ದೇ ಒಂದು ಮಳೆಯಿಂದ. 1995ರ ಮಾತು. ಗುಡಿಸಲು ಕಳಕೊಂಡ ಮುಸ್ಲಿಂ ಬಡವರೊಬ್ಬರು ಸ್ವಲ್ಪ ಸಹಾಯ ಕೇಳಿಕೊಂಡು ಬಂದರು. ಕಾಶಿಗೆ ಹೋಗಬೇಕು ಅಂತ ಭಟ್ಟರು ದುಡ್ಡು ಕೂಡಿಟ್ಟಿದ್ದರು. ಆ ದುಡ್ಡಿನಲ್ಲಿ ಆ ಮನುಷ್ಯನಿಗೆ ಒಂದು ಮನೆಯೇ ಎದ್ದಿತು. ಕಾಶಿ ಬಾಕಿಯಾಯಿತು. ನಮ್ಮ ಕಡೆ ಹಿರಿಯರಿಗೆ ಕಾಶಿ ಅಂದರೆ ಸಣ್ಣ ಸಂಗತಿ ಅಲ್ಲ, ಅದನ್ನು ಬಿಟ್ಟುಕೊಡುವುದು ಎಷ್ಟು ದೊಡ್ಡ ಲೆಕ್ಕ ಅಂತ ಇಲ್ಲಿಯವರಿಗೆ ಗೊತ್ತು.

ಒಂದು ಮನೆ ಕಟ್ಟಿಸಿ ಕೊಟ್ಟವರು ಬೇಕಾದಷ್ಟು ಜನ ಸಿಗುತ್ತಾರೆ. ಇವರು ನಿಲ್ಲಿಸಲಿಲ್ಲ. ಕೆಂಪು ಕಲ್ಲು, ಹಂಚು, ಒಂದೆರಡು ಕೋಣೆ, ಬಾಗಿಲಿಗೆ ಚಿಲಕ. ಅದು ಮುಗಿದ ಮೇಲೆ ಇನ್ನೊಂದು. ಯಾವ ಜಾತಿ, ಯಾವ ಧರ್ಮ, ಮನೆಯಲ್ಲಿ ತುಳುವೋ ಮಲಯಾಳವೋ ಅಂತ ಕೇಳಲಿಲ್ಲ. ಹೆಂಗಸರಿಗೆ ಹೊಲಿಗೆ ಯಂತ್ರ, ಕೆಲಸವಿಲ್ಲದ ಹುಡುಗರಿಗೆ ಆಟೋರಿಕ್ಷಾ, ಬಡವರಿಗೆ ಉಚಿತ ವೈದ್ಯಕೀಯ ಶಿಬಿರ, ಕುಡಿಯುವ ನೀರು ಕೂಡ.

ಇಲ್ಲಿ ನನಗೆ ಒಂದು ಮಾತು ಹೇಳಬೇಕು ಅನಿಸುತ್ತದೆ. ಇಂಥವರನ್ನು ನೆನೆಯುವಾಗ ನಾವು ಒಬ್ಬರ ಹೆಸರು ಮಾತ್ರ ಹೇಳುತ್ತೇವೆ. ಅಡಿಕೆ ತೋಟದ ಮನೆಗಳಲ್ಲಿ ದುಡ್ಡು ಬರುವುದು ವರ್ಷಕ್ಕೊಮ್ಮೆ. ಕೊಳೆರೋಗ ಬಂದರೆ ಅದೂ ಇಲ್ಲ. ಹಾಗಿರುವಾಗ ಯಜಮಾನ ಕಲ್ಲು, ಹಂಚು ಅಂತ ಖರ್ಚು ಮಾಡುತ್ತಿದ್ದರೆ ಮನೆಯವರು ಸುಮ್ಮನಿರಬೇಕಲ್ವಾ? ಸುಮ್ಮನಿದ್ದದ್ದು ಮಾತ್ರ ಅಲ್ಲ, ಬಂದವರಿಗೆಲ್ಲ ಚಾ, ಊಟ ಬೇರೆ ಆಗಬೇಕು. ಅಡುಗೆಕೋಣೆಯ ಆ ಲೆಕ್ಕ ಯಾವ ಪೇಪರಿನಲ್ಲೂ ಬರುವುದಿಲ್ಲ. ಭಟ್ಟರ ಮಗ ಮುಂದೆ ಬದಿಯಡ್ಕ ಪಂಚಾಯತಿಗೆ ಅಧ್ಯಕ್ಷರೂ ಆದರು.

ಆ ಕುರ್ಚಿಯ ವಿಷಯ ಬಂತಲ್ಲ, ಇನ್ನೊಬ್ಬರನ್ನು ನೆನಪಿಸಿ ಬಿಡುತ್ತೇನೆ. ಕಯ್ಯಾರ ಕಿಞ್ಞಣ್ಣ ರೈ. ನಿಮಗೆಲ್ಲ ಅವರು ಕವಿ, ಗಡಿ ಹೋರಾಟದವರು, 1997ರ ಮಂಗಳೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ನಮ್ಮ ಕಡೆಯ ಹಳೆಯ ತಲೆಗಳಿಗೆ ಮಾತ್ರ ಪೆರಡಾಲ ಶಾಲೆಯ ಮಾಷ್ಟ್ರು, ತೋಟದಲ್ಲಿ ದುಡಿಯುವ ಕೃಷಿಕ, ಮತ್ತೆ 15 ವರ್ಷ ಇದೇ ಪಂಚಾಯತಿನ ಅಧ್ಯಕ್ಷ. 1915ರಲ್ಲಿ ಹುಟ್ಟಿ, ನೂರು ತುಂಬಿಸಿಕೊಂಡು 2015ರಲ್ಲಿ ಹೋದರು. ಆತ್ಮಕಥೆಗೆ ಇಟ್ಟ ಹೆಸರು 'ದುಡಿತವೇ ನನ್ನ ದೇವರು'. ಕರ್ನಾಟಕಕ್ಕೆ ಸೇರಬೇಕು ಅಂತ ಹಟ ಹಿಡಿದವರೇ ಕೇರಳದ ಪಂಚಾಯತಿನಲ್ಲಿ ಕೂತು ಊರಿನ ಕೆಲಸ ಮಾಡಿಸಿದರು. ನಿಮಗೆ ಇದು ವಿಚಿತ್ರ ಅನಿಸಬಹುದು. ನಮಗೆ ಅನಿಸುವುದಿಲ್ಲ. ಗಡಿ ಎಲ್ಲಿದ್ದರೂ ರಸ್ತೆ, ನೀರು, ಶಾಲೆ ಆಗಬೇಕಲ್ಲ ಮಾರಾಯ್ರೆ.

ಬರುವುದಾದರೆ ಕುಂಬಳೆಯಲ್ಲಿ ರೈಲಿಳಿದು ಬದಿಯಡ್ಕದ ಬಸ್ಸು ಹತ್ತಿ. ಸೀತಾಂಗೋಳಿ ಕಳೆದು ನೀರ್ಚಾಲು ಸಿಗುತ್ತದೆ. ಬೋರ್ಡು ಓದಲು ಬರದಿದ್ದರೆ ಕಂಡಕ್ಟರನ್ನು ಕನ್ನಡದಲ್ಲೇ ಕೇಳಿ. ಅಲ್ಲಿ ಇಳಿದು ಆಟೋದವರಿಗೆ ಸಾಯಿರಾಂ ಭಟ್ಟರ ಮನೆ ಅಂತ ಹೇಳಿದರೆ ಸಾಕು. ದಾರಿಯಲ್ಲಿ 'ಇದು ಅವರು ಕಟ್ಟಿಸಿದ್ದು' ಅಂತ ಅವರೇ ಒಂದೆರಡು ಮನೆ ತೋರಿಸಿಯಾರು. ಮಳೆಗಾಲದಲ್ಲಿ ಬಂದರೆ ಕೊಡೆ ಮರೆಯಬೇಡಿ.