ಬಾಳೆಹಣ್ಣು ಮುಟ್ಟಿದರೆ ಮೋಹನ

ಪ್ರಶ್ನೆ: ಶಾಲಾ ವಸ್ತುಪ್ರದರ್ಶನಕ್ಕೆ ಮೇಕಿ ಮೇಕಿ ಬೋರ್ಡು (ಮುಟ್ಟಿದ್ದನ್ನು ಕೀಲಿ ಒತ್ತಿದಂತೆ ಕಂಪ್ಯೂಟರಿಗೆ ತಿಳಿಸುವ ಸರ್ಕ್ಯೂಟ್ ಬೋರ್ಡು), ಸ್ಕ್ರ್ಯಾಚ್ (ಮಕ್ಕಳ ಪ್ರೋಗ್ರಾಮಿಂಗ್ ತಂತ್ರಾಂಶ) ಬಳಸಿ ಬಾಳೆಹಣ್ಣಿನ ಕೀಬೋರ್ಡ್ ಮಾಡಿದ್ದೇವೆ. ಬ್ಲೂಟೂತ್ ಸ್ಪೀಕರಿನಲ್ಲಿ ಸ್ವರ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಏನು ಮಾಡಬೇಕು?
– ಶಿಕ್ಷಕಿ, ಶಿರಸಿ

ಉತ್ತರ: ತಡಕ್ಕೆ ಮುಖ್ಯ ಕಾರಣ ಬ್ಲೂಟೂತ್. ಧ್ವನಿಯನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಡಿಸುವಷ್ಟರಲ್ಲಿ 100–200 ಮಿಲಿಸೆಕೆಂಡು ಹೋಗುವುದು ಮಾಮೂಲಿ. ಸುಮ್ಮನೆ ಹಾಡು ಕೇಳುವವರಿಗೆ ಇದು ತಿಳಿಯುವುದೇ ಇಲ್ಲ, ನುಡಿಸುವವರಿಗೆ ಮಾತ್ರ ಲಯ ಕೈಗೆ ಸಿಗದು. ಬ್ಲೂಟೂತ್ ಬದಲು 3.5 ಮಿ.ಮೀ. ಆಡಿಯೊ ವೈರ್ ಹಾಕಿ. ನೀವೇ ರೆಕಾರ್ಡ್ ಮಾಡಿದ ಸ್ವರಗಳಾದರೆ ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಶುರುವಿನ ಮೌನವನ್ನು ಕತ್ತರಿಸಿ. ಅದೂ ತಡವೇ.

ಸ್ವರ ಬಾರದಿರುವುದು ಬಹುಪಾಲು ಅರ್ತ್‌ನಿಂದ. ವಿದ್ಯುತ್ ಸುತ್ತು ಪೂರ್ತಿಯಾಗಲು, ಮುಟ್ಟುವ ಮಗು ಬೋರ್ಡಿನ ಅರ್ತ್ ಪಟ್ಟಿಗೆ ಜೋಡಿಸಿದ ವೈರನ್ನು ಇನ್ನೊಂದು ಕೈಯಲ್ಲಿ ಬರಿಗೈಯಿಂದ ಹಿಡಿದಿರಬೇಕು. (ಗೋಡೆಯ ಸಾಕೆಟ್ಟಿನ ಅರ್ತ್‌ಗೆ ಮಾತ್ರ ಜೋಡಿಸಲೇಬೇಡಿ.) ಬೆರಳು ಒಣಗಿದ್ದರೆ ತುಸು ಒದ್ದೆ ಮಾಡಿಕೊಳ್ಳಲಿ. ಸ್ವರ ನಿಲ್ಲದೆ ಮೊಳಗುತ್ತಿದ್ದರೆ ಮೇಜು ತೇವವಾಗಿರಬೇಕು, ಹಣ್ಣಿನಡಿ ಪ್ಲಾಸ್ಟಿಕ್ ತಟ್ಟೆ ಇಡಿ.

ಬೋರ್ಡಿನ ಮುಂಭಾಗದಲ್ಲಿ ಆರು ಜಾಗಗಳಿವೆ: ನಾಲ್ಕು ಬಾಣ, ಸ್ಪೇಸ್, ಕ್ಲಿಕ್. ಕ್ಲಿಕ್ ಕೆಲಸ ಮಾಡುವುದು ಮೌಸ್ ಬಾಣ ಎಲ್ಲಿದೆ ಎಂಬುದರ ಮೇಲೆ. ಆ ಕಿರಿಕಿರಿ ಬೇಡ, ಹಿಂಭಾಗದ ಡಬ್ಲ್ಯು ಬಳಸಿ. ಸ್ಕ್ರ್ಯಾಚ್‌ನ ಸ್ವರಸಂಖ್ಯೆ 60, 62, 64, 67, 69, 72 ಕೊಟ್ಟರೆ ಮೋಹನ ರಾಗದ ಸ ರಿ ಗ ಪ ದ ಮತ್ತು ತಾರ ಸ. ಒತ್ತಿ ಹಿಡಿದರೆ ಸ್ವರ ಮರುಕಳಿಸುತ್ತದೆ, ಆದ್ದರಿಂದ ಪ್ರತಿ ಸ್ವರದ ಕೊನೆಗೆ ಕೀಲಿ ಬಿಡುವ ತನಕ ಕಾಯುವ ಬ್ಲಾಕ್ ಸೇರಿಸಿ.

ಪ್ರಶ್ನೆ: ಹೀಗೆ ಮುಟ್ಟುವವರು ಕೇಳುಗರೋ, ಕಲಾವಿದರೋ?
– ಓದುಗ, ಧಾರವಾಡ

ಉತ್ತರ: ಮೊದಲ ಸಲ ಮುಟ್ಟಿದಾಗ ಸ್ವಿಚ್ ಒತ್ತಿದವರು, ಅಷ್ಟೇ. ಕೇಳಿದ್ದಕ್ಕೆ ತಕ್ಕಂತೆ ಮುಂದಿನ ಸ್ವರ ಆರಿಸಿಕೊಂಡರೆ ನುಡಿಸಲು ಶುರುಮಾಡಿದರು ಎನ್ನಬಹುದು. ಅಮೆರಿಕದ ಸಂಗೀತ ರಚನೆಕಾರ ಟೆರಿ ರೈಲಿ 1964ರಲ್ಲಿ ರಚಿಸಿದ 'ಇನ್ ಸಿ'ಯಲ್ಲಿ 53 ಪುಟ್ಟ ತುಣುಕುಗಳಿವೆ. ಒಂದೊಂದನ್ನೂ ಎಷ್ಟು ಸಲ ನುಡಿಸಬೇಕೆಂಬುದು ವಾದಕರಿಗೇ ಬಿಟ್ಟದ್ದು. ಹಾಗಾಗಿ ಆಗಾಗ ನಿಲ್ಲಿಸಿ ಉಳಿದವರನ್ನು ಕೇಳದೆ ಅದನ್ನು ನುಡಿಸಲಾಗದು. ನಮ್ಮ ಕಛೇರಿಯಲ್ಲಿ ತೊಡೆಯ ಮೇಲೆ ತಾಳ ಹಾಕುವ ರಸಿಕರೂ ಈ ಗಡಿಯ ಮೇಲೇ ಕುಳಿತವರು.

ಪ್ರದರ್ಶನದಲ್ಲಿ ಇದನ್ನು ತೋರಿಸಬೇಕೆ? ಒಂದು ಮಗು ಅರ್ತ್ ಹಿಡಿಯಲಿ, ಇನ್ನೊಂದು ಹಣ್ಣು ಹಿಡಿಯಲಿ. ಇಬ್ಬರ ಕೈ ತಾಗಿದಾಗ ಮಾತ್ರ ಸ್ವರ ಬರುತ್ತದೆ. ಹಿನ್ನೆಲೆಗೆ ತಂಬೂರಿ ಶ್ರುತಿ ಸಾಕು. ರೆಡಿಮೇಡ್ ತಾಳ ಹಾಕಿದರೆ ಮಕ್ಕಳು ಪರಸ್ಪರ ಕೇಳಿಸಿಕೊಳ್ಳುವುದನ್ನು ಬಿಟ್ಟು ಅದರ ಹಿಂದೆ ಓಡುತ್ತಾರೆ.