ಕ್ಲೌಡ್, ಸೆಕ್ಯುರಿಟಿ, ಡೇಟಾ ಸೈನ್ಸ್: ಮುಂದಿನ ಹತ್ತು ವರ್ಷಕ್ಕೆ ಯಾವುದನ್ನು ಹಿಡಿಯಲಿ?

ಐಟಿಗೆ ಬರಬೇಕು, ಈ ಮೂರರಲ್ಲಿ ಯಾವುದನ್ನು ಕಲಿಯಲಿ ಅಂತ ಕೇಳಿದ್ದೀರಿ. ನಾನೂ ಇಂಥದ್ದನ್ನೇ ಕೇಳಿಕೊಂಡು ಓಡಾಡಿದ್ದೆ, 2006ರಲ್ಲಿ. ಆಗ ಎಲ್ಲರೂ ಹೇಳಿದ್ದು ಒಂದೇ ಸಾಫ್ಟ್‌ವೇರ್‌ನ ಹೆಸರು: ಫ್ಲ್ಯಾಶ್.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವೆಬ್‌ನಲ್ಲಿ ಆಟ, ಅನಿಮೇಷನ್, ಕಂಪನಿಗಳ ತರಬೇತಿ ಪಾಠ, ಎಲ್ಲದಕ್ಕೂ ಅದೇ ಬೇಕಿತ್ತು. ಯೂಟ್ಯೂಬ್ ವಿಡಿಯೋ ಕೂಡ ಅದರಲ್ಲೇ ಓಡುತ್ತಿತ್ತು. ಆ ವರ್ಷ ತಾನೇ ಫ್ಲ್ಯಾಶ್‌ನಲ್ಲಿ ಕೋಡ್ ಬರೆಯುವ ಭಾಷೆ, ಆಕ್ಷನ್‌ಸ್ಕ್ರಿಪ್ಟ್ 3, ಬಂದಿತ್ತು. ಕಲಿತೆ, ಕೆಲಸ ಸಿಕ್ಕಿತು. ನಾಲ್ಕು ವರ್ಷದಲ್ಲಿ ನಮ್ಮ ತಂಡದಲ್ಲಿ ಫ್ಲ್ಯಾಶ್ ಅಂದರೆ ನಾನೇ ಅನ್ನುವಂತಾಯಿತು.

2010ರ ಏಪ್ರಿಲ್‌ನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಐಫೋನ್‌ಗೆ ಫ್ಲ್ಯಾಶ್ ಯಾಕೆ ಬೇಡ ಅಂತ ಬಹಿರಂಗ ಪತ್ರ ಬರೆದರು. 2011ರ ನವೆಂಬರ್‌ನಲ್ಲಿ ಫ್ಲ್ಯಾಶ್ ಮಾಡುತ್ತಿದ್ದ ಅಡೋಬಿಯೇ ಮೊಬೈಲ್ ಬ್ರೌಸರ್‌ಗಳಿಗೆ ಫ್ಲ್ಯಾಶ್ ಮಾಡುವುದನ್ನು ಕೈಬಿಟ್ಟಿತು. ಅದಾದ ಮೇಲೆ, ಬ್ರೌಸರ್‌ನಲ್ಲಿ ನೇರವಾಗಿ ಓಡುವ ಭಾಷೆ ಜಾವಾಸ್ಕ್ರಿಪ್ಟ್‌ನ ಕೆಲಸಕ್ಕೆ ನಮ್ಮ ಮ್ಯಾನೇಜರ್ ಕರೆದು, "ಜಾವಾಸ್ಕ್ರಿಪ್ಟ್ ತಂಡಕ್ಕೆ ಬರ್ತೀರಾ? ಆರು ತಿಂಗಳು ಕಲಿಯೋಕೆ ಬಿಡ್ತೀನಿ" ಅಂದರು. ಬೇಡ ಅಂದೆ.

ಇದನ್ನು ಬಿಡಿಸಿ ಹೇಳಲೇಬೇಕು. ಫ್ಲ್ಯಾಶ್ ಆರಿಸಿಕೊಂಡಿದ್ದು ನನ್ನ ತಪ್ಪಲ್ಲ. ಸೋಮಾರಿತನವೂ ಅಲ್ಲ, ರಾತ್ರಿ ಹನ್ನೊಂದರವರೆಗೆ ಕೂತು ಕೆಲಸ ಮಾಡುತ್ತಿದ್ದೆ. ನನಗೆ ಗೊತ್ತಿರುವುದು ಫ್ಲ್ಯಾಶ್ ಮಾತ್ರ, ಅದು ಬಿಟ್ಟರೆ ಸೊನ್ನೆಯಿಂದ ಶುರು ಮಾಡಬೇಕು ಅಂದುಕೊಂಡೆ. ತಪ್ಪು ಅದು. ಫ್ಲ್ಯಾಶ್‌ನ ಪ್ರತಿ ಶಾರ್ಟ್‌ಕಟ್ ಬೆರಳ ತುದಿಯಲ್ಲಿತ್ತು. ಆದರೆ ನಾನು ಮಾಡಿದ ಫೈಲ್ ಸರ್ವರ್‌ನಿಂದ ಇನ್ನೊಬ್ಬರ ಕಂಪ್ಯೂಟರ್‌ಗೆ ಹೇಗೆ ಹೋಗುತ್ತೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಪಾಠ ನಿಧಾನ ಲೋಡ್ ಆದರೆ ನೆಟ್‌ವರ್ಕ್‌ನವರಿಗೆ ಮೇಲ್ ಹಾಕಿ ಸುಮ್ಮನಾಗುತ್ತಿದ್ದೆ. ನನ್ನ ಕಿಟಕಿಯ ಒಳಗಿನದು ನನ್ನದು, ಅದರ ಕೆಳಗಿನದು ಬೇರೆಯವರದು. ಐದು ವರ್ಷ ಹಾಗೇ ನಡೆಸಿದೆ.

2014ರ ಹೊತ್ತಿಗೆ ಪ್ರಾಜೆಕ್ಟ್‌ಗಳು ನಿಂತವು. ಎಂಟು ತಿಂಗಳು ಕೆಲಸ ಇರಲಿಲ್ಲ. ಆಮೇಲೆ ಹೊಸ ಜಾಗದಲ್ಲಿ, ನನಗಿಂತ ಏಳು ವರ್ಷ ಚಿಕ್ಕವಳೊಬ್ಬಳ ಪಕ್ಕ ಕುರ್ಚಿ ಎಳೆದುಕೊಂಡು ಜಾವಾಸ್ಕ್ರಿಪ್ಟ್ ಕಲಿಯಲು ಕೂತೆ. ಮೊದಲ ದಿನವೇ ಅವಳ ಸ್ಕ್ರೀನ್ ಮೇಲೆ ಒಂದು ಸಾಲು ಕಂಡಿತು: ಆಡ್‌ಇವೆಂಟ್‌ಲಿಸನರ್. ಮೊದಲು ಘಟನೆಯ ಹೆಸರು, ಆಮೇಲೆ ಕರೆಯಬೇಕಾದ ಫಂಕ್ಷನ್. ಅದೇ ಹೆಸರು, ಅದೇ ಕ್ರಮ. ಅದನ್ನು ನಾನು ಎಂಟು ವರ್ಷದಿಂದ ಬರೆಯುತ್ತಿದ್ದೆ! ಆಕ್ಷನ್‌ಸ್ಕ್ರಿಪ್ಟ್, ಜಾವಾಸ್ಕ್ರಿಪ್ಟ್ ಎರಡೂ ಭಾಷೆಗಳ ಬೇರು ಒಂದೇ, ಎಕ್ಮಾಸ್ಕ್ರಿಪ್ಟ್ ಅನ್ನುವ ಮಾನದಂಡ. ಸೊನ್ನೆ ಅಂತ ಹೆದರಿ ಬೇಡ ಅಂದಿದ್ದರಲ್ಲಿ ಅರ್ಧ ನನಗೆ ಆಗಲೇ ಬರುತ್ತಿತ್ತು. ಅವಳು ಏನೋ ಹೇಳುತ್ತಿದ್ದಳು, ನನಗೆ ಕಿವಿಗೇ ಬೀಳಲಿಲ್ಲ.

ಹಾಗಾಗಿ "ಯಾವುದಕ್ಕೆ ಬೇಡಿಕೆ ಜಾಸ್ತಿ" ಅನ್ನುವ ಲೆಕ್ಕವನ್ನೇ ನಾನು ಒಪ್ಪಲ್ಲ. ನಾನು ಫ್ಲ್ಯಾಶ್ ಹಿಡಿದ 2006ರಲ್ಲೇ ಅಮೆಜಾನ್ ತನ್ನ ಸರ್ವರ್‌ಗಳನ್ನು ಬಾಡಿಗೆಗೆ ಕೊಡುವ ಇಸಿ2 ಸೇವೆ ಶುರು ಮಾಡಿತು. ನನ್ನ ಸುತ್ತ ಒಬ್ಬರೂ ಕ್ಲೌಡ್ ಅನ್ನಲಿಲ್ಲ. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ ಎಸ್‌ಕ್ಯೂಎಲ್ ಹುಟ್ಟಿದ್ದು 1970ರ ದಶಕದಲ್ಲಿ, ಇವತ್ತು ಬೆಳಿಗ್ಗೆಯೂ ಬರೆದೆ.

ನೀವು ಹೇಳಿದ ಮೂರರ ಬಗ್ಗೆ ಇಷ್ಟೇ ಹೇಳುತ್ತೇನೆ. ಸೆಕ್ಯುರಿಟಿಯಲ್ಲಿ ಹೊಸಬರಿಗೆ ಸಿಗುವುದು ಹೆಚ್ಚಾಗಿ ಲಾಗ್, ಅಂದರೆ ಕಂಪ್ಯೂಟರ್‌ಗಳು ಬರೆದಿಡುವ ದಾಖಲೆ, ಓದುವ ಕೆಲಸ. ವೆಬ್‌ಸೈಟ್ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿಲ್ಲದಿದ್ದರೆ ಸಾವಿರ ಸಾಲಿನಲ್ಲಿ ಯಾವುದು ಅನುಮಾನದ್ದು ಅಂತ ಹೇಗೆ ಹಿಡಿಯುತ್ತೀರಿ? ಡೇಟಾ ಸೈನ್ಸ್ ಅಂದರೆ ಮೊದಲು ಡೇಟಾ ಶುಚಿ ಮಾಡುವುದು. ಒಂದೇ ತಾರೀಖನ್ನು ಮೂರು ಥರ ಬರೆದಿರುತ್ತಾರೆ, ಕಾಲಂ ಖಾಲಿ ಇರುತ್ತೆ. ಅದು ಒಂದು ವಾರಕ್ಕೇ ಬೇಜಾರಾದರೆ ಆ ಕಡೆ ಹೋಗಬೇಡಿ. ಕ್ಲೌಡ್ ಅಂದರೆ ಬಹುಪಾಲು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಮತ್ತು ನೆಟ್‌ವರ್ಕ್, ಬೇರೆಯವರ ಮಷೀನ್ ಮೇಲೆ.

ಮೊದಲ ಒಂದು ವರ್ಷ ಯಾವ ಸ್ಪೆಷಲೈಸೇಷನ್ನೂ ಬೇಡ. ಸಪೋರ್ಟ್ ಕೆಲಸ ಸಿಕ್ಕರೂ ಸೇರಿಕೊಳ್ಳಿ, ಮುರಿದು ಬಿದ್ದದ್ದೆಲ್ಲ ಅಲ್ಲಿಗೇ ಬರುತ್ತೆ.

ಮೂರು ತಿಂಗಳ ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲು ಒಂದು ಹಾಳೆ ತಗೊಳ್ಳಿ. ಬ್ರೌಸರ್‌ನಲ್ಲಿ ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದಾಗಿನಿಂದ ಪುಟ ಕಾಣುವವರೆಗೆ ಏನೇನು ನಡೆಯುತ್ತೆ ಅಂತ ಬರೆಯಿರಿ. ಎಲ್ಲೂ ನೋಡಬೇಡಿ. ಪೆನ್ನು ಎಲ್ಲಿ ನಿಂತಿತು ಅಂತ ಇಲ್ಲೇ ಹಾಕಿ, ಅಲ್ಲಿಂದ ಮುಂದಕ್ಕೆ ಏನು ಓದಬೇಕು ಅಂತ ನಾನು ಹೇಳುತ್ತೇನೆ.